ಸಿಗ್ರೂಪ್ ಮೆಮೊರಿ ನಿಯಂತ್ರಕ

ಸಿಗ್ರೂಪ್ ಮೆಮೊರಿ ನಿಯಂತ್ರಕ ಎಂಬುದು ಲಿನಕ್ಸ್ ಕರ್ನಲ್‌ನ ಒಂದು ಸೌಲಭ್ಯ. ಒಂದು ಗುಂಪಿಗೆ ಸೇರಿದ ಎಲ್ಲ ಪ್ರಕ್ರಿಯೆಗಳು ಒಟ್ಟಾಗಿ ಬಳಸುವ ಭೌತಿಕ ಮೆಮೊರಿಯ ಲೆಕ್ಕವಿಟ್ಟು, ಅದಕ್ಕೆ ಮಿತಿ ಹೇರುವುದು ಇದರ ಕೆಲಸ. ಹಲವು ಸೇವೆಗಳು ಒಂದೇ ಸರ್ವರ್‌ನಲ್ಲಿ ನಡೆಯುವಾಗ, ಒಂದರ ದೋಷದಿಂದ ಉಳಿದವು ಸ್ಥಗಿತಗೊಳ್ಳದಂತೆ ಇದು ತಡೆಯುತ್ತದೆ.

ಅಗತ್ಯ

ಲಿನಕ್ಸ್ ಸಾಮಾನ್ಯವಾಗಿ ತನ್ನಲ್ಲಿರುವುದಕ್ಕಿಂತ ಹೆಚ್ಚಿನ ಮೆಮೊರಿಯನ್ನು ಪ್ರಕ್ರಿಯೆಗಳಿಗೆ ನೀಡಲು ಒಪ್ಪುತ್ತದೆ. ಪ್ರಕ್ರಿಯೆಯು ಒಂದು ಪುಟವನ್ನು ಮೊದಲ ಬಾರಿಗೆ ಬಳಸಿದಾಗ ಮಾತ್ರ ಭೌತಿಕ ಮೆಮೊರಿ ವ್ಯಯವಾಗುತ್ತದೆ. ಮೆಮೊರಿ ಪೂರ್ಣವಾಗಿ ಮುಗಿದರೆ ಕರ್ನಲ್‌ನ ‘ಔಟ್ ಆಫ್ ಮೆಮೊರಿ ಕಿಲ್ಲರ್’ ಒಂದು ಪ್ರಕ್ರಿಯೆಯನ್ನು ಆರಿಸಿ ಕೊನೆಗೊಳಿಸುತ್ತದೆ. ಈ ಆಯ್ಕೆ ಮುಖ್ಯವಾಗಿ ಗಾತ್ರವನ್ನು ಅವಲಂಬಿಸಿರುವುದರಿಂದ, ಅಸಂಖ್ಯ ಸಣ್ಣ ಪ್ರಕ್ರಿಯೆಗಳನ್ನು ಸೃಷ್ಟಿಸಿದ ತಂತ್ರಾಂಶವು ಉಳಿದು, ದೋಷವಿಲ್ಲದ ಡೇಟಾಬೇಸ್ ಬಲಿಯಾಗಬಹುದು.

ಹಳೆಯ ವಿಧಾನವಾದ ‘ಯುಲಿಮಿಟ್’ ಇದಕ್ಕೆ ಸಾಲದು. ಅದರ ಮೆಮೊರಿ ಮಿತಿಗಳು ಪ್ರತಿ ಪ್ರಕ್ರಿಯೆಗೂ ಪ್ರತ್ಯೇಕವಾಗಿ ಅನ್ವಯಿಸುತ್ತವೆ. 1 ಜಿಬಿ ಮಿತಿಯುಳ್ಳ ಪ್ರಕ್ರಿಯೆಯು 20 ಮರಿ ಪ್ರಕ್ರಿಯೆಗಳನ್ನು ಹುಟ್ಟಿಸಿದರೆ ಪ್ರತಿಯೊಂದಕ್ಕೂ 1 ಜಿಬಿ ಅವಕಾಶ ದೊರೆಯುತ್ತದೆ. ಅಲ್ಲದೆ ಅದು ಮಿತಿಗೊಳಿಸುವುದು ವರ್ಚುವಲ್ ವಿಳಾಸಗಳ ವ್ಯಾಪ್ತಿಯನ್ನು. ಭೌತಿಕ ಮೆಮೊರಿಗೆಂದು ಇರುವ ಅದರ ಆಯ್ಕೆಯು ಇಂದಿನ ಲಿನಕ್ಸ್‌ನಲ್ಲಿ ಪರಿಣಾಮ ಬೀರುವುದಿಲ್ಲ.

ಇತಿಹಾಸ

ಗೂಗಲ್‌ನ ಎಂಜಿನಿಯರುಗಳಾದ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಸಿಗ್ರೂಪ್ ಕೆಲಸವನ್ನು ಆರಂಭಿಸಿದರು. ಮೂಲ ವ್ಯವಸ್ಥೆಯು 2008ರ ಜನವರಿಯಲ್ಲಿ ಬಿಡುಗಡೆಯಾದ ಕರ್ನಲ್ 2.6.24ರಲ್ಲಿ ಸೇರಿತು. ಐಬಿಎಂನ ಬಲ್ಬೀರ್ ಸಿಂಗ್ ಮೊದಲಾದವರು ರೂಪಿಸಿದ ಮೆಮೊರಿ ನಿಯಂತ್ರಕವು ಮುಂದಿನ ಆವೃತ್ತಿ 2.6.25ರಲ್ಲಿ ಬಂದಿತು. ತೇಜುನ್ ಹಿಯೊ ಅವರ ನೇತೃತ್ವದಲ್ಲಿ ಪುನಾರಚನೆಗೊಂಡ ಎರಡನೆಯ ಆವೃತ್ತಿಯು 2016ರಲ್ಲಿ ಕರ್ನಲ್ 4.5ರೊಂದಿಗೆ ಅಧಿಕೃತವಾಯಿತು.

ಕಾರ್ಯವಿಧಾನ

ಮೆಮೊರಿಯ ಪುಟವನ್ನು ಯಾವ ಗುಂಪಿನ ಪ್ರಕ್ರಿಯೆಯು ಮೊದಲು ಬಳಸುತ್ತದೆಯೋ ಅದೇ ಗುಂಪಿನ ಖಾತೆಗೆ ಅದನ್ನು ಕರ್ನಲ್ ಸೇರಿಸುತ್ತದೆ. ಕಡತಗಳನ್ನು ಓದುವಾಗ ತುಂಬಿಕೊಳ್ಳುವ ಪೇಜ್ ಕ್ಯಾಶ್ ಸಹ ಈ ಲೆಕ್ಕಕ್ಕೆ ಸೇರುತ್ತದೆ. ಕ್ಯಾಶ್‌ನ ಬಹುಭಾಗವನ್ನು ಸುಲಭವಾಗಿ ಮರಳಿ ಪಡೆಯಬಹುದಾದ್ದರಿಂದ, ಬಳಕೆಯು ಮಿತಿಯ ಸಮೀಪವಿದ್ದ ಮಾತ್ರಕ್ಕೆ ಅದು ಅಪಾಯದ ಸೂಚನೆಯಲ್ಲ. ಗುಂಪುಗಳು ವೃಕ್ಷದ ರೂಪದಲ್ಲಿರುತ್ತವೆ. 4 ಜಿಬಿ ಮಿತಿಯ ಗುಂಪಿನೊಳಗಿನ ಎರಡು ಉಪಗುಂಪುಗಳಿಗೆ ತಲಾ 3 ಜಿಬಿ ನಿಗದಿಪಡಿಸಿದರೂ ಅವುಗಳ ಒಟ್ಟು ಬಳಕೆ 4 ಜಿಬಿಯನ್ನು ಮೀರಲಾರದು.

ಎರಡನೆಯ ಆವೃತ್ತಿಯ ಮುಖ್ಯ ನಿಯಂತ್ರಣಗಳು ಇವು:

• ಮೆಮೊರಿ.ಹೈ: ಇದನ್ನು ಮೀರಿದ ಗುಂಪಿನ ವೇಗವನ್ನು ಕರ್ನಲ್ ತಗ್ಗಿಸಿ, ಪುಟಗಳನ್ನು ಮರಳಿ ಪಡೆಯಲು ಯತ್ನಿಸುತ್ತದೆ, ಯಾವ ಪ್ರಕ್ರಿಯೆಯನ್ನೂ ಕೊಲ್ಲುವುದಿಲ್ಲ.
• ಮೆಮೊರಿ.ಮ್ಯಾಕ್ಸ್: ಇದು ಕಟ್ಟುನಿಟ್ಟಿನ ಮಿತಿ. ಬಳಕೆಯನ್ನು ಇದರೊಳಗೆ ತರಲಾಗದಿದ್ದರೆ ಅದೇ ಗುಂಪಿನ ಪ್ರಕ್ರಿಯೆಯೊಂದನ್ನು ಕೊನೆಗೊಳಿಸಲಾಗುತ್ತದೆ.
• ಮೆಮೊರಿ.ಮಿನ್ ಮತ್ತು ಮೆಮೊರಿ.ಲೋ: ಇವು ಮಿತಿಗಳಲ್ಲ, ರಕ್ಷಣೆಗಳು. ಇತರ ಗುಂಪುಗಳ ಒತ್ತಡದಿಂದ ನಿಗದಿತ ಪ್ರಮಾಣದ ಮೆಮೊರಿಯನ್ನು ಕಾಯುತ್ತವೆ.
• ಮೆಮೊರಿ.ಸ್ವ್ಯಾಪ್.ಮ್ಯಾಕ್ಸ್: ಸ್ವ್ಯಾಪ್ ಬಳಕೆಯ ಮಿತಿ. ಇದನ್ನು ನಿಗದಿಪಡಿಸದಿದ್ದರೆ, ಭೌತಿಕ ಮೆಮೊರಿಯ ಮಿತಿ ತಲುಪಿದ ಗುಂಪು ಡಿಸ್ಕ್‌ನ ಸ್ವ್ಯಾಪ್ ಜಾಗವನ್ನು ತುಂಬಿ ಇಡೀ ಸರ್ವರ್ ಅನ್ನು ನಿಧಾನಗೊಳಿಸಬಹುದು.

ಬಳಕೆ

ಸಿಸ್ಟಮ್‌ಡಿಯಲ್ಲಿ ಪ್ರತಿ ಸೇವೆಯೂ ತನ್ನದೇ ಗುಂಪಿನಲ್ಲಿ ನಡೆಯುತ್ತದೆ. ‘ಮೆಮೊರಿಹೈ’ ಮತ್ತು ‘ಮೆಮೊರಿಮ್ಯಾಕ್ಸ್’ ಸೂಚನೆಗಳಿಂದ ಅದರ ಮಿತಿಗಳನ್ನು ನಿಗದಿಪಡಿಸಬಹುದು. ಡಾಕರ್ ಮತ್ತು ಕುಬರ್ನೆಟೀಸ್‌ಗಳ ಮೆಮೊರಿ ಮಿತಿಗಳಿಗೂ ಇದೇ ನಿಯಂತ್ರಕ ಆಧಾರ. ಮಿತಿ ಮೀರಿ ಕೊನೆಗೊಂಡ ಕಂಟೇನರ್ ಸಾಮಾನ್ಯವಾಗಿ 137 ಎಂಬ ನಿರ್ಗಮನ ಸಂಕೇತವನ್ನು ತೋರಿಸುತ್ತದೆ. ಇದು 128ಕ್ಕೆ, ಬಲವಂತದ ಅಂತ್ಯವನ್ನು ಸೂಚಿಸುವ ಸಿಗ್ನಲ್ ಸಂಖ್ಯೆ 9ನ್ನು ಕೂಡಿಸಿದ ಮೊತ್ತ.

ಮಿತಿಯು ತಂತ್ರಾಂಶದ ಮೆಮೊರಿ ಸೋರಿಕೆಯನ್ನು ಸರಿಪಡಿಸುವುದಿಲ್ಲ. ಅದರ ಹಾನಿಯನ್ನು ಆ ಗುಂಪಿಗಷ್ಟೇ ಸೀಮಿತಗೊಳಿಸುತ್ತದೆ. ಮಿತಿಯನ್ನು ಅಗತ್ಯಕ್ಕಿಂತ ಕಡಿಮೆ ಇಟ್ಟರೆ ಕ್ಯಾಶ್‌ಗೆ ಸ್ಥಳವುಳಿಯದೆ, ಸೇವೆಯು ಅದೇ ಕಡತಗಳನ್ನು ಡಿಸ್ಕ್‌ನಿಂದ ಮತ್ತೆ ಮತ್ತೆ ಓದಬೇಕಾಗುತ್ತದೆ.