ವಿಮಾನದ ಮೈಗೆ ಬಡಿಯುವ ಗಾಳಿ

ಓಡುವ ಬಸ್ಸಿನ ಕಿಟಕಿಯ ಪರದೆ ಪಟಪಟನೆ ಬಡಿದುಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಬಸ್ಸಿನ ವೇಗ ಒಂದೇ ಸಮನಿದ್ದರೂ ಗಾಳಿ ಸುಳಿಸುಳಿಯಾಗಿ ಬಂದು ಬಡಿಯುತ್ತದೆ. ವಿಮಾನದ ಮೈಮೇಲೂ ನಡೆಯುವುದು ಇದೇ. ವಿಮಾನವನ್ನು ಎತ್ತಿಹಿಡಿಯುವುದು ಗಾಳಿಯ ಸರಾಸರಿ ಒತ್ತಡ; ಅದರ ಲೋಹವನ್ನು ದಣಿಸುವುದು ಒತ್ತಡದ ಏರಿಳಿತ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೆ ಮುರಿಯುವುದಿಲ್ಲವೆ?

1930ರ ಜುಲೈ 21ರಂದು ಇಂಗ್ಲೆಂಡಿನ ಮೆಪಮ್ ಹಳ್ಳಿಯ ಮೇಲೆ ಹಾರುತ್ತಿದ್ದ ಯುಂಕರ್ಸ್ ವಿಮಾನವೊಂದು ಆಕಾಶದಲ್ಲೇ ಮುರಿದು ಆರು ಮಂದಿ ಸತ್ತರು. ರೆಕ್ಕೆಯಿಂದ ಕಳಚಿಕೊಂಡ ಸುಳಿಗಾಳಿ ಬಾಲವನ್ನು ಬಡಿದು ಮುರಿಯಿತು ಎಂದು ಬ್ರಿಟಿಷ್ ತನಿಖೆ ತೀರ್ಮಾನಿಸಿತು.

ಈ ಬಡಿತವನ್ನು ಅಳೆಯುವುದು ಹೇಗೆ? ವಿಮಾನದ ಮಾದರಿಯನ್ನು ಗಾಳಿ ಸುರಂಗದಲ್ಲಿ ನಿಲ್ಲಿಸಿ ಗಾಳಿ ಹಾಯಿಸುತ್ತಾರೆ. ಸರಾಸರಿ ಒತ್ತಡ ತಿಳಿಯಲು ಮಾದರಿಯ ಮೈಯಲ್ಲಿ ರಂಧ್ರ ಕೊರೆದು ಕೊಳವೆ ಜೋಡಿಸಿದರೆ ಸಾಕು. ಆದರೆ ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುವ ಒತ್ತಡ ಉದ್ದ ಕೊಳವೆಯಲ್ಲಿ ಸಾಗುವಾಗಲೇ ಅಡಗಿಹೋಗುತ್ತದೆ. ಆದ್ದರಿಂದ ಮೈಕ್ರೊಫೋನಿನಂಥ ಪುಟ್ಟ ಸಂವೇದಕವನ್ನು ಮೇಲ್ಮೈಗೆ ಸಮನಾಗಿ ಹುದುಗಿಸುತ್ತಾರೆ. ತುಸು ಹೊರಚಾಚಿದರೂ ಅದೇ ಹೊಸ ಸುಳಿ ಎಬ್ಬಿಸಿ ಲೆಕ್ಕ ಕೆಡಿಸುತ್ತದೆ. ಅದರ ಮುಖ ದೊಡ್ಡದಾದರೂ ಕಷ್ಟ: ಸಣ್ಣ ಸುಳಿಗಳು ಒಂದು ಕಡೆ ಒತ್ತಿ, ಇನ್ನೊಂದು ಕಡೆ ಸೆಳೆದು, ಒಂದರ ಗುರುತನ್ನು ಇನ್ನೊಂದು ಅಳಿಸಿಬಿಡುತ್ತವೆ.

ಸುರಂಗದ ಫ್ಯಾನಿನ ಗದ್ದಲ ಮತ್ತೊಂದು ತೊಡಕು. ಶಬ್ದವೂ ಒತ್ತಡದ ಏರಿಳಿತವೇ ತಾನೆ? ಅದನ್ನು ಬೇರ್ಪಡಿಸಲು ಹಲವು ಕಡೆ ಸಂವೇದಕಗಳನ್ನಿಟ್ಟು ಹೋಲಿಸುತ್ತಾರೆ. ಗದ್ದಲ ಶಬ್ದದ ವೇಗದಲ್ಲಿ ಸಾಗಿದರೆ, ಮೇಲ್ಮೈಯ ಸುಳಿ ಗಾಳಿಗಿಂತ ತುಸು ನಿಧಾನವಾಗಿ ತೇಲುತ್ತದೆ. ಎರಡನ್ನೂ ಗುರುತಿಸಲು ಈ ವ್ಯತ್ಯಾಸವೇ ಆಧಾರ.

ಅಮೆರಿಕದ ಎಫ್/ಎ-18 ಯುದ್ಧವಿಮಾನ ಮೂಗೆತ್ತಿ ಹಾರುವಾಗ ರೆಕ್ಕೆಯ ಬುಡದಿಂದೆದ್ದ ಸುಳಿ ಅದರ ಜೋಡಿ ಬಾಲಗಳನ್ನು ಬಡಿಯುತ್ತಿತ್ತು. 1990ರ ದಶಕದ ಆರಂಭದಲ್ಲಿ ನಾಸಾದವರು ಕ್ಯಾಲಿಫೋರ್ನಿಯಾದ ತಮ್ಮ ಬೃಹತ್ ಸುರಂಗದಲ್ಲಿ, ಮಾದರಿಯನ್ನಲ್ಲ, ಇಡೀ ವಿಮಾನವನ್ನೇ ನಿಲ್ಲಿಸಿ ಬಾಲದ ಮೇಲಿನ ಒತ್ತಡ ಅಳೆದರು. ಆ ಸುರಂಗದ ಅಗಲ 36 ಮೀಟರಿಗೂ ಹೆಚ್ಚು. ರೆಕ್ಕೆಯ ಬುಡದಲ್ಲಿ ಜೋಡಿಸಿದ ಚಿಕ್ಕ ತಡೆಪಟ್ಟಿ ಈ ಹೊಡೆತವನ್ನು ತಗ್ಗಿಸುತ್ತದೆ.

ಬೆಂಗಳೂರಿನ ಎನ್‌ಎಎಲ್‌ನಲ್ಲಿ 1967ರಲ್ಲಿ ಕೆಲಸ ಆರಂಭಿಸಿದ 1.2 ಮೀಟರಿನ ಸುರಂಗದ ರೀತಿ ಬೇರೆ. ಅಲ್ಲಿ ಒತ್ತಿ ತುಂಬಿಟ್ಟ ಗಾಳಿಯನ್ನು ಒಮ್ಮೆಲೇ ಹರಿಯಬಿಡುತ್ತಾರೆ. ಗಾಳಿ ಮುಗಿಯುವುದರೊಳಗೆ ಅಳತೆಯೂ ಮುಗಿಯಬೇಕು. ವರ್ಷಗಟ್ಟಲೆ ಹಾರಬೇಕಾದ ಯಂತ್ರದ ಬಾಳಿಕೆಯ ಲೆಕ್ಕ ಆ ಅಲ್ಪಕಾಲದಲ್ಲೇ ಸಿಗಬೇಕು.