ಟಿವಿಯ ಆಟ ಅಂಗೈಗೆ

2000ದಲ್ಲಿ ಅಮೆರಿಕದ ಬೆನ್ ಹೆಕೆನ್‌ಡಾರ್ನ್ ಹಳೆಯ ಅಟಾರಿ 2600 ವಿಡಿಯೋ ಗೇಮನ್ನು ಬಿಚ್ಚಿ, ಅದರ ಬೋರ್ಡಿಗೆ ಪುಟ್ಟ ಪರದೆ, ಬ್ಯಾಟರಿ ಜೋಡಿಸಿ, ಕೈಯಲ್ಲಿ ಹಿಡಿದು ಆಡುವಂತೆ ಮಾಡಿದರು. 1977ರಲ್ಲಿ ಟಿವಿಯ ಮುಂದೆ ಕೂರಲೆಂದೇ ಬಂದ ಯಂತ್ರ ಅದು. ಆಮೇಲೆ ಅವರು ಇಂಥ ಹತ್ತಾರು ಮಾಡಿದರು, ಪುಸ್ತಕ ಬರೆದರು. ಅವರನ್ನು ನೋಡಿ ಕಲಿತವರಿಂದ ಇವತ್ತು ಇದೊಂದು ಕಸುಬೇ ಆಗಿ ಬೆಳೆದಿದೆ.

ಹಳೆಯ ಆಟಗಳನ್ನೆಲ್ಲ ತುಂಬಿಕೊಂಡ ಅಗ್ಗದ ಹ್ಯಾಂಡ್‌ಹೆಲ್ಡ್‌ಗಳು ಅಂಗಡಿಯಲ್ಲೇ ಸಿಗುತ್ತವೆ, ನಿಜ. ಆದರೆ ಅಲ್ಲಿ ನಡೆಯುವುದು ಸಾಫ್ಟ್‌ವೇರ್ ಮಾಡುವ ಅನುಕರಣೆ. ಈ ಕಸುಬಿನವರಿಗೆ ಅಂದಿನ ಅಸಲಿ ಚಿಪ್ಪೇ ಬೇಕು. ಆ ಹಟದಲ್ಲಿ ನನಗೆ ಒಂದು ಬಗೆಯ ಗೌರವ ಕಾಣುತ್ತದೆ, ಆ ಚಿಪ್ಪು ವಿನ್ಯಾಸ ಮಾಡಿದವರ ಬಗೆಗಿನ ಗೌರವ.

ಹೊಸಬರು ಎಡವುವುದು ಆಯ್ಕೆಯಲ್ಲಿ. ಬಾಲ್ಯದಲ್ಲಿ ಮೆಚ್ಚಿದ ಕನ್ಸೋಲನ್ನೇ ಎತ್ತಿಕೊಳ್ಳುತ್ತಾರೆ. ನೋಡಬೇಕಾದದ್ದು ಬೇರೆ: ಈ ಯಂತ್ರದಿಂದ ಏನೇನು ಕಿತ್ತುಹಾಕಬಹುದು? ಡಿಸ್ಕ್ ತಿರುಗಿಸುವ ಕನ್ಸೋಲಾದರೆ ಮೋಟಾರು, ಲೆನ್ಸು ಎರಡೂ ಜಾಗ ತಿನ್ನುತ್ತವೆ, ಬ್ಯಾಟರಿಯನ್ನೂ ಕುಡಿಯುತ್ತವೆ. ನಿಂಟೆಂಡೊ 64ಕ್ಕೆ ಆ ಕಾಟವಿಲ್ಲ. 1996ರಲ್ಲಿ, ಉಳಿದವರು ಸಿಡಿಯತ್ತ ಹೊರಟಿದ್ದಾಗ, ಅದು ಕಾರ್ಟ್ರಿಜ್‌ನಲ್ಲೇ ಉಳಿಯಿತು. ಹಾಗಾಗಿಯೇ ಪೋರ್ಟಬಲ್ ಮಾಡುವವರಿಗೆ ಅದು ಬಹುಕಾಲ ಅಚ್ಚುಮೆಚ್ಚು. ಒಂದೇ ಎಚ್ಚರ, ಅದರ ಮುಂಭಾಗದ ಮುಚ್ಚಳದಡಿ ಇರುವ ಮೆಮೊರಿ ತುಂಡನ್ನು ಬೇಡವೆಂದು ತೆಗೆದರೆ ಯಂತ್ರ ಶುರುವಾಗುವುದೇ ಇಲ್ಲ. ಅಲ್ಲಿ ದೊಡ್ಡ ಮೆಮೊರಿಯ ಎಕ್ಸ್‌ಪ್ಯಾನ್ಶನ್ ಪ್ಯಾಕನ್ನೇ ಹಾಕಿಬಿಡುವುದು ಒಳ್ಳೆಯದು. ‘ಡಾಂಕಿ ಕಾಂಗ್ 64’ನಂಥ ಆಟಕ್ಕೆ ಅದು ಕಡ್ಡಾಯ.

ಇನ್ನು ವಿದ್ಯುತ್ತಿನ ಲೆಕ್ಕ. ಇದರಲ್ಲಿ ದೊಡ್ಡ ಕಂಪನಿಗಳೇ ಸುಸ್ತಾಗಿವೆ. ಸೆಗಾ 1995ರಲ್ಲಿ ತನ್ನ ಜೆನೆಸಿಸ್ ಕನ್ಸೋಲನ್ನು ನೋಮ್ಯಾಡ್ ಎಂಬ ಹ್ಯಾಂಡ್‌ಹೆಲ್ಡಾಗಿ ತಂದಾಗ ಆರು ಪೆನ್ಸಿಲ್ ಸೆಲ್ಲುಗಳು ಎರಡು-ಮೂರು ಗಂಟೆಯಲ್ಲಿ ಖಾಲಿಯಾಗುತ್ತಿದ್ದವು. ಈಗ ಲಿಥಿಯಂ ಸೆಲ್ಲುಗಳಿವೆ. ಆದರೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮೂರು ಕಾಲಿನ 7805 ರೆಗ್ಯುಲೇಟರಿಗೆ ಮರುಳಾಗಬಾರದು. ಎರಡು ಸೆಲ್ಲುಗಳ 7.4 ವೋಲ್ಟನ್ನು ಅದು 5ಕ್ಕೆ ಇಳಿಸುವಾಗ ಸುಮಾರು ಮೂರನೇ ಒಂದು ಪಾಲು ಬರೀ ಬಿಸಿಯಾಗಿ ಹೋಗುತ್ತದೆ. ಅದೇ ರಸ್ತೆಯಲ್ಲಿ ಸಿಗುವ ಬಕ್ ಕನ್ವರ್ಟರ್‌ನಲ್ಲಿ ನಷ್ಟ ತೀರಾ ಕಡಿಮೆ. ಸೆಲ್ಲುಗಳಿಗೆ ಪ್ರೊಟೆಕ್ಷನ್ ಬೋರ್ಡ್ ಇರಲೇಬೇಕು. ಲಿಥಿಯಂ ಶಾರ್ಟ್ ಆದರೆ ಬೆಂಕಿ.

ಮೊದಲ ಸಲ ಕೈಹಾಕುವವರಿಗೆ ನನ್ನ ಶಿಫಾರಸು, ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೂ ಬಂದಿದ್ದ ಆ ‘ಟಿವಿ ಗೇಮ್’. ಮಾರಿಯೋ, ಕಾಂಟ್ರಾ ಕ್ಯಾಸೆಟ್ಟುಗಳ ಆ ಪೆಟ್ಟಿಗೆ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು. ಆಮೇಲಿನ ಹಲವು ನಕಲುಗಳಲ್ಲಿ ಇಡೀ ಕನ್ಸೋಲೇ ಕಪ್ಪು ಎಪಾಕ್ಸಿ ಬೊಟ್ಟಿನಡಿಯ ಒಂದು ಚಿಪ್ಪಿನೊಳಗೆ ಅಡಗಿದೆ. 5 ವೋಲ್ಟ್ ಸಾಕು, ಬಿಸಿಯಾಗದು, ಕಾರಿನ ರಿವರ್ಸ್ ಕ್ಯಾಮೆರಾದ ಪರದೆಗೆ ವಿಡಿಯೋ ತಂತಿ ಎಳೆದರೆ ಚಿತ್ರ ಬರುತ್ತದೆ. ಸ್ವರ ಅಲ್ಲಲ್ಲಿ ಅಸಲಿಯಂತಿರುವುದಿಲ್ಲ, ಕೆಲವು ಆಟ ಓಡುವುದಿಲ್ಲ. ಬೆಸುಗೆ ಕಲಿಯುವ ಕೈಗೆ ಅಷ್ಟು ಸಹಿಸಬಹುದು.

ಕೈ ಪಳಗಿದವರಿಗೆ ನಿಂಟೆಂಡೊದ ವೀ. 2006ರಲ್ಲಿ ಬಂದ ಇದು ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಮೊದಲ ಮಾದರಿ 2001ರ ಗೇಮ್‌ಕ್ಯೂಬ್ ಆಟಗಳನ್ನೂ ಆಡಿಸುತ್ತದೆ. ಆಟಗಳನ್ನು ಯುಎಸ್‌ಬಿಯಿಂದಲೇ ಓಡಿಸಬಹುದಾದ್ದರಿಂದ ಡಿಸ್ಕ್ ಡ್ರೈವ್ ಬೇಕಿಲ್ಲ. ಇದು ನನಗೆ ತುಂಬ ಹಿಡಿಸಿದ ಸಂಗತಿ: ಡ್ರೈವ್ ಕೆಟ್ಟು ಗುಜರಿಗೆ ಹೊರಟ ವೀ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಸುಸ್ಥಿತಿಯ ಹಳೆಯ ಯಂತ್ರವನ್ನು ದಯವಿಟ್ಟು ಕತ್ತರಿಸಬೇಡಿ.

ಹೌದು, ಕತ್ತರಿಸುವುದೇ. ಇಲ್ಲಿ ಅದಕ್ಕೆ ‘ಟ್ರಿಮ್’ ಎನ್ನುತ್ತಾರೆ. ಪ್ರೊಸೆಸರ್, ಮೆಮೊರಿ ಇರುವ ನಡುಭಾಗ ಉಳಿಸಿ ಬೋರ್ಡಿನ ಅಂಚುಗಳನ್ನು ಕೊಯ್ದು ತೆಗೆಯುತ್ತಾರೆ. ಬೋರ್ಡಿನೊಳಗಿನ ತಾಮ್ರದ ಪದರಗಳು ಕೊಯ್ದ ಕಡೆ ಒಂದಕ್ಕೊಂದು ತಾಗದಂತೆ ಅಂಚನ್ನು ಮರಳು ಕಾಗದದಿಂದ ನಯವಾಗಿ ಉಜ್ಜಬೇಕು. ಬಳಿಕ 1ರಿಂದ 3.3 ವೋಲ್ಟ್‌ವರೆಗಿನ ನಾಲ್ಕು ಬೇರೆ ಬೇರೆ ವೋಲ್ಟೇಜುಗಳನ್ನು ಹೊರಗಿನಿಂದ ತಂತಿಯಲ್ಲಿ ಕೊಡಬೇಕು.

ಕೊಳ್ಳುವಾಗ ಮುಚ್ಚಳ ತೆರೆದು ನೋಡಿ. ಗೇಮ್‌ಕ್ಯೂಬ್ ಕಂಟ್ರೋಲರಿನ ನಾಲ್ಕು ತೂತುಗಳಿದ್ದರೆ ಅದು ಬೇಕಾದ ಮಾದರಿ. 2011ರಲ್ಲಿ ಬಂದ ಹೊಸ ರೂಪದಲ್ಲಿ ಅವಿಲ್ಲ. ಮನೆಗೆ ತಂದ ಮೇಲೆ ಮೊದಲು ಒಳಗಿನ ನ್ಯಾಂಡ್ ಮೆಮೊರಿಯನ್ನು ಎಸ್‌ಡಿ ಕಾರ್ಡಿಗೆ ಪ್ರತಿ ಮಾಡಿಟ್ಟುಕೊಳ್ಳಿ. ಪ್ರತಿಯೊಂದು ವೀಯ ನ್ಯಾಂಡಿಗೂ ಅದರದೇ ಗುಪ್ತ ಕೀಲಿ ಇರುವುದರಿಂದ, ಅದು ಹಾಳಾದರೆ ಇನ್ನೊಂದು ವೀಯ ಪ್ರತಿ ನೇರವಾಗಿ ಇದಕ್ಕೆ ಕೂರುವುದಿಲ್ಲ.