ಹಣ ಬಂದರೆ ಸಾಲದು, ಊರಿಗೆ ಮುಟ್ಟಬೇಕು

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಜನರಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವು ಹಿಂದುಳಿದಿವೆ, ಇವಕ್ಕೆ ವಿಶೇಷ ಹಣ ಬೇಕು ಎಂದು ತಜ್ಞರ ಸಮಿತಿಯೊಂದು ಸರ್ಕಾರಕ್ಕೆ ಹೇಳಿ ಎರಡು ದಶಕಗಳೇ ಕಳೆದವು.

ಅದು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ. 2000ದಲ್ಲಿ ರಚನೆಯಾಗಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳನ್ನೂ ಸಮಿತಿ 35 ಅಂಶಗಳಿಂದ ಅಳೆಯಿತು. ಸಾಕ್ಷರತೆ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಶಾಲೆ ಬಿಟ್ಟವರೆಷ್ಟು, ಕಾಲೇಜು ಸೇರಿದವರೆಷ್ಟು, ಆಸ್ಪತ್ರೆಯಲ್ಲಿ ಹಾಸಿಗೆಗಳೆಷ್ಟು ಎಂಬುವೆಲ್ಲ ಅದರಲ್ಲಿದ್ದವು. ಒಂದು ರೀತಿಯಲ್ಲಿ ಇದು ತಾಲ್ಲೂಕುಗಳ ಅಂಕಪಟ್ಟಿ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡಾಗ 114 ತಾಲ್ಲೂಕುಗಳು ಅದಕ್ಕಿಂತ ಕೆಳಗೆ ಉಳಿದವು. ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು.

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ, ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣ, ಶೇಕಡಾ 60 ಪಾಲು ಉತ್ತರ ಕರ್ನಾಟಕಕ್ಕೆ ಎಂಬುದು ಸಮಿತಿಯ ಸಲಹೆ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ಆದರೆ ಸಮಿತಿಯ ಕೈಯಲ್ಲಿ ಲೇಖನಿ ಇತ್ತೇ ಹೊರತು ಥೈಲಿ ಇರಲಿಲ್ಲ. ಬಜೆಟ್ಟಿನಲ್ಲಿ ಹಂಚಿದ್ದೆಲ್ಲ ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದದ್ದೆಲ್ಲ ಖರ್ಚಾಗಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಅಮೆರಿಕದಲ್ಲಿ 1998ರಲ್ಲಿ ತಂಬಾಕು ಕಂಪನಿಗಳು 46 ರಾಜ್ಯಗಳಿಗೆ 25 ವರ್ಷಗಳಲ್ಲಿ ಸುಮಾರು 20,600 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದರಲ್ಲಿ ಬಹುಪಾಲು ಧೂಮಪಾನ ಬಿಡಿಸುವುದಕ್ಕೆ ಹೋಗದೆ ಬೇರೆ ಬೇರೆ ವೆಚ್ಚಗಳಲ್ಲಿ ಕರಗಿತು. ಮುಂದೆ ಅಫೀಮು ಬಗೆಯ ನೋವುನಿವಾರಕ ಮಾತ್ರೆಗಳ ಚಟಕ್ಕೆ ಲಕ್ಷಾಂತರ ಜನ ಬಲಿಯಾದಾಗ ಔಷಧ ಕಂಪನಿಗಳ ಮೇಲೆ ಮೊಕದ್ದಮೆಗಳು ಬಿದ್ದವು. ಹಿಂದಿನ ಪಾಠ ಆಗ ನೆನಪಿಗೆ ಬಂತು. 2021ರಲ್ಲಿ ಪ್ರಕಟವಾದ 2,600 ಕೋಟಿ ಡಾಲರಿನ ರಾಜಿ ಒಪ್ಪಂದದಲ್ಲಿ ಹಣದ ಬಹುಪಾಲು ಚಟದ ಹಾನಿ ಸರಿಪಡಿಸುವುದಕ್ಕೇ ಹೋಗಬೇಕು ಎಂಬ ಷರತ್ತು ಸೇರಿತು. ಹಲವು ರಾಜ್ಯಗಳು ಸಲಹಾ ಸಮಿತಿಗಳನ್ನು ರಚಿಸಿದವು. ವೈದ್ಯರ ಜೊತೆಗೆ, ಚಟದಿಂದ ಹೊರಬಂದವರಿಗೂ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೂ ಕೆಲವು ಸಮಿತಿಗಳಲ್ಲಿ ಸ್ಥಾನ ಸಿಕ್ಕಿತು. ಆದರೂ ಅನೇಕ ಕಡೆ ಅವರ ಮಾತು ಸಲಹೆ ಮಾತ್ರ. ಕೊನೆಯ ತೀರ್ಮಾನ ಸರ್ಕಾರದ್ದು.

ನೋವುಂಡವರು ಸಮಿತಿಯಲ್ಲಿ ಕೂರಬೇಕು, ಹಣದ ಲೆಕ್ಕ ಬಹಿರಂಗವಾಗಿರಬೇಕು. ಹಾವೇರಿಗೆ ಬೇಕಾದ ಪಾಠವೂ ಇದೇ. ಕಲ್ಯಾಣ ಕರ್ನಾಟಕಕ್ಕೆ ಇರುವ ಸಂವಿಧಾನದ 371ಜೆ ವಿಧಿಯ ಆಸರೆ ಈ ತಾಲ್ಲೂಕುಗಳಿಗೆ ಇಲ್ಲ. ಇವಕ್ಕೆ ಆಧಾರ ವರದಿ ಮತ್ತು ಬಜೆಟ್ ಮಾತ್ರ. ಹಿರೇಕೆರೂರಿನಿಂದ ರಟ್ಟೀಹಳ್ಳಿ ಬೇರೆ ತಾಲ್ಲೂಕಾಗಿದೆ. ಹಳೆಯ ಅಂಕಪಟ್ಟಿ ಈಗ ಹೊಂದುವುದಿಲ್ಲ. ಹೊಸದಾಗಿ ಅಳೆಯಲು ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚಿಸಿತು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ತಮ್ಮ ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇವೆ, ಪದವಿ ಕಾಲೇಜಿಗೆ ಎಷ್ಟು ದೂರ ಬಸ್ಸು ಹತ್ತಬೇಕು ಎಂಬುದನ್ನು ಅವರೇ ಬರೆದಿಡಬಹುದು. ವಿಶೇಷ ಯೋಜನೆಯಲ್ಲಿ ತಾಲ್ಲೂಕಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಾಲಕರು ಅರ್ಜಿ ಹಾಕಿ ಕೇಳಬಹುದು. ಆ ಎರಡು ಹಾಳೆಗಳನ್ನು ಗ್ರಾಮಸಭೆಯಲ್ಲಿ ಅಕ್ಕಪಕ್ಕ ಇಟ್ಟರೆ ಸಾಕು, ಉತ್ತರ ಕೊಡಬೇಕಾದವರು ಯಾರೆಂದು ಊರಿಗೆ ತಿಳಿಯುತ್ತದೆ.